ವಜಾ

ಬಲಗೈ ಮೊಣಕೈವರೆಗೆ ಎಲಿವೇಟರ್ ಬೆಲ್ಟಿಗೆ ಹೋದದ್ದು
ಕಾರ್ತಿಕದ ಮೊದಲ ಸೋಮವಾರ,
ಮದ್ದೂರಿನಾಚೆಯ ಅಕ್ಕಿ ಮಿಲ್ಲಿನಲ್ಲಿ.
ಯಾರೋ ಓಡಿಬಂದು ಸ್ವಿಚ್ಚು ಆರಿಸಿದ ಮೇಲೂ
ತೌಡಿನ ಧೂಳು ಸ್ವಲ್ಪ ಹೊತ್ತು ಬೆಳಕಿನಲ್ಲಿ ತೇಲುತ್ತಿತ್ತು,
ಅದು ನೆನಪಿದೆ.
ನೋವು ನೆನಪಿಲ್ಲ. ನೋವನ್ನು ಆಮೇಲೆ ಬರೆದುಕೊಂಡರು,
ಶೇಕಡಾ ಎಪ್ಪತ್ತು ಎಂದು.

ನಾನು ಓದಿದ್ದು ಎಂಟನೇ ಕ್ಲಾಸು.
ವಜಾ ಅಂದರೆ ಕೆಲಸದಿಂದ ತೆಗೆಯುವುದು, ಅಷ್ಟು ಗೊತ್ತಿತ್ತು.
ಅದನ್ನು ಅವರು ಮಾಡಲಿಲ್ಲ, ಒಳ್ಳೆಯವರು.
ಹಾಜರಿ ಪುಸ್ತಕದಲ್ಲಿ ನನ್ನ ಸಾಲನ್ನು
ಸುಮ್ಮನೆ ಖಾಲಿ ಬಿಟ್ಟರು.

ಮಂಡ್ಯದ ಕೋರ್ಟಿನಲ್ಲಿ ಮಿಲ್ಲಿನ ವಕೀಲರು ಪಟ್ಟಿ ಓದಿದರು:
ಆಸ್ಪತ್ರೆಗೆ ಒಯ್ದ ಓಮ್ನಿಯ ಬಾಡಿಗೆ.
ಔಷಧಿ ಚೀಟಿ ಹದಿನಾರು.
ನಾಲ್ಕು ತಿಂಗಳ ಅರ್ಧ ಸಂಬಳ. ನುಚ್ಚು ಮೂರು ಮೂಟೆ.
ಸಂಕ್ರಾಂತಿಗೆ ಅರ್ಜಿದಾರನ ಹೆಂಡತಿಗೆ ಸೀರೆ, ಒಂದು.
ಕಿತ್ತಳೆ ಹಣ್ಣು, ಎಂಟು.
ಇವಿಷ್ಟೂ ಪರಿಹಾರದಲ್ಲಿ ವಜಾ ಆಗತಕ್ಕದ್ದು.

ಚಲುವಾಜಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದಳು.
ಉಟ್ಟದ್ದು ಅದೇ ಸೀರೆ.
ಸೆರಗನ್ನು ಒಂದು ಸಲ ಮುಟ್ಟಿ ನೋಡಿಕೊಂಡಳು.

ಕೊಟ್ಟದ್ದು ನಿಜವೇ? ಸಾಹೇಬರು ಕೇಳಿದರು.
ನಿಜ ಸ್ವಾಮಿ. ಅದೂ ನಿಜ. ಹಣ್ಣೂ ನಿಜ.
ಶೆಟ್ಟರೇ ತಂದು ಮಂಚದ ಮೇಲಿಟ್ಟು, ಹಣೆ ಮುಟ್ಟಿ,
"ನಾನಿಲ್ವೇನೋ ಹೊಂಬಾ" ಅಂದಿದ್ದರು.
ನನ್ನ ಕಡೆಯ ವಕೀಲ ಹುಡುಗ ಕಣ್ಣು ಮುಚ್ಚಿಕೊಂಡ.
ಒಂದು ಕೈಯಲ್ಲಿ ಕಿತ್ತಳೆ ಸುಲಿಯಲು ಬರುವುದಿಲ್ಲ ಅಂತ
ನನಗೆ ತಿಳಿದದ್ದೇ ಅವತ್ತು.
ಪಕ್ಕದ ಮಂಚದ, ಕಾಲು ಮುರಿದ ಮುಕ್ತಾರ್ ಸಾಬರು ಸುಲಿದರು.
ನಾಲ್ಕು ಅವರು ತಿಂದರು. ಅದನ್ನೂ ಹೇಳಿದೆ.

ಆಮೇಲೆ ತಡದ ಮಾತು.
ಪೆಟ್ಟಾದ ತಿಂಗಳೊಳಗೆ ಕೊಡಬೇಕಿತ್ತಂತೆ,
ಇಲ್ಲವಾದರೆ ನೂರಕ್ಕೆ ವರ್ಷಕ್ಕೆ ಹನ್ನೆರಡು.
ವಿಮೆಯವರು ಅಂದರು, ಅಸಲು ನಮ್ಮದಿರಬಹುದು, ತಡ ನಮ್ಮದಲ್ಲ.
ಮಿಲ್ಲಿನವರು ಅಂದರು, ಕಾಗದ ಕಳಿಸಿದ್ದೆವು, ತಡ ಅವರದೇ.
ಮೂರು ವರ್ಷ, ಇಪ್ಪತ್ತಾರು ವಾಯಿದೆ,
ಹೆತ್ತವರಿಲ್ಲದ ಕೂಸಿನ ಹಾಗೆ
ಈ ಮೇಜಿನಿಂದ ಆ ಮೇಜಿಗೆ ಅದು ತಿರುಗಿತು.
ಸಂಜೆಯಾದರೆ ನಮ್ಮನೆಗೇ ಬರುತ್ತಿತ್ತು.
ಅಂಗಡಿ ಸಾಲದಲ್ಲಿ ಉಂಡಿತು,
ಮಗಳ ಫೀಸಿನಲ್ಲಿ ಮಲಗಿತು,
ಇವಳು ಅಡವಿಟ್ಟ ಓಲೆಯಲ್ಲಿ ಬೆಳೆಯಿತು.
ಅಲ್ಲಿ ನೂರಕ್ಕೆ ಮೂರು.
ತಿಂಗಳಿಗೆ.

ತೀರ್ಪಿನ ದಿನ ಸಾಹೇಬರು ಕನ್ನಡಕ ಒರೆಸಿ ಓದಿದರು:
ಅರ್ಧ ಸಂಬಳ ಮಾತ್ರ ಕಳೆಯಿರಿ.
ಮಿಕ್ಕದ್ದನ್ನು ವಜಾ ಮಾಡಬೇಕೆಂಬ ಕೋರಿಕೆಯನ್ನು
ವಜಾ ಮಾಡಿದೆ.
ಇದು ಒಳ್ಳೆಯದೋ ಕೆಟ್ಟದ್ದೋ ಅಂದೆ.
"ಎರಡು ಸಲ ಬಂದ್ರೆ ಒಳ್ಳೇದು ಕಣಣ್ಣ" ಅಂದ ಹುಡುಗ.

ಠೇವಣಿ ಆಗಿದೆ ಅನ್ನುತ್ತಾರೆ.
ದುಡ್ಡು ಯಾರದೋ ಸಹಿಗೆ ಕಾದು ಕೂತಿದೆ, ನಮ್ಮ ಹಾಗೇ.
ನಿನ್ನೆ ರಾತ್ರಿ ಇವಳು ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದಳು:
ಎಂಟು ಹಣ್ಣು, ಮೂರು ವರ್ಷ, ನೂರಕ್ಕೆ ಹನ್ನೆರಡು.
ಹನ್ನೊಂದಕ್ಕೆ ಒಂದು ತೊಳೆ ಕಡಿಮೆ.

ಬೆಳಿಗ್ಗೆ ಹನ್ನೊಂದು ತಂದಳು.
ಒಂದರ ನೆತ್ತಿ ಬಿಡಿಸಿ, ತೊಳೆ ಎಳೆದು,
ನನ್ನ ಬಾಯಿಗಿಟ್ಟು,
ಸಿಪ್ಪೆಯನ್ನು ಮೊದಲಿದ್ದಂತೆ ಮುಚ್ಚಿದಳು.
ಹುಳಿ.

ಮಿಲ್ಲಿನ ಗೇಟಿನಲ್ಲಿ ಚೀಲ ಕೊಟ್ಟು
ರಸೀದಿ ಬೇಕು ಅಂದೆ.
ವಾಚ್‌ಮನ್ ಬೋರಲಿಂಗ ನಗಲು ಹೋದವನು
ನನ್ನ ಮಡಿಸಿದ ತೋಳು ನೋಡಿ ಒಳಗೆ ಹೋಗಿದ್ದಾನೆ.
ಬೆಲ್ಟಿನ ಸದ್ದು ಕೇಳಿಸುತ್ತಿದೆ.
ನಿಂತಿದ್ದೇನೆ.
ಅವರಿಗೂ ಒಂದು ತಿಂಗಳು ಟೈಮಿದೆ.